ಮಾವನ ಬೆರಳು, ಅಳಿಯನ ವಿಡಿಯೊ

ಭಾನುವಾರ ಬೆಳಿಗ್ಗೆ ಅಳಿಯ ಬಂದಾಗ ಮಾವ ಅಡುಗೆಮನೆಯ ಮೇಜಿನ ಮುಂದೆ ಕುಳಿತು ಎಡಗೈ ಬೆರಳುಗಳನ್ನು ಬಿಸಿನೀರಿನ ಬಟ್ಟಲಲ್ಲಿ ಅದ್ದಿಕೊಂಡಿದ್ದರು. ಮುಖ ಮಾತ್ರ ಪರೀಕ್ಷೆಯಲ್ಲಿ ನಪಾಸಾಗಿ ಬಂದ ಹುಡುಗನದು.

"ಏನಾಯ್ತು ಮಾವ, ಕೈ ಸುಟ್ಕೊಂಡ್ರಾ?"

"ಸುಟ್ಕೊಂಡಿದ್ರೆ ವಾಸಿಯಾಗ್ತಿತ್ತು ಬಿಡಿ ಅಳಿಯಂದ್ರೇ. ಜೀವನವೆಲ್ಲ ಬೀಗ ರಿಪೇರಿ ಮಾಡಿದ ಕೈ ಇದು, ಬೀಗದ ಹಾಗೇ ತುಕ್ಕು ಹಿಡಿದಿದೆ. ಮೆತ್ತಗಾಗ್ಲಿ ಅಂತ ನೆನೆಹಾಕಿದೀನಿ."

"ಕಾಳು ನೆನೆಹಾಕಿದ ಹಾಗೆ," ಎಂದರು ಅತ್ತೆ ಒಲೆಯ ಕಡೆಯಿಂದ. "ನಾಳೆ ಬಂದು ನೋಡು, ಮೊಳಕೆ ಬಂದಿರುತ್ತೆ."

ಅಳಿಯ ನಕ್ಕ. ನಗುತ್ತಲೇ ಅವನ ಕಣ್ಣು ಬೀರುವಿನ ಮೇಲೆ ಹೋಯಿತು. ಅಲ್ಲಿ ಗವಸು ಹಾಕಿಸಿಕೊಂಡು ಗೋಡೆಗೆ ಮುಖ ಮಾಡಿ ಮಲಗಿತ್ತು ಗಿಟಾರು. ನಗು ಅರ್ಧಕ್ಕೇ ನಿಂತಿತು.

ಆ ಗಿಟಾರಿನ ಕಥೆ ಹೀಗೆ. ಅತ್ತೆಗೆ ಕೆಲಸ ಮಾಡುತ್ತಾ ಒಂದು ರಾಗ ಗುನುಗುವ ಅಭ್ಯಾಸ. ಅದಕ್ಕೆ ಮಾತಿಲ್ಲ, ಕೊನೆಯೂ ಇಲ್ಲ. ಮದುವೆಯಾದ ಹೊಸತರಲ್ಲಿ ಮಾವ, "ಒಂದು ದಿನ ನಿನ್ನ ಈ ಹಾಡಿಗೆ ಗಿಟಾರು ನುಡಿಸ್ತೀನಿ ನೋಡ್ತಿರು" ಎಂದಿದ್ದರಂತೆ. ಆ ಒಂದು ದಿನ ಬರಬೇಕಾದರೆ ಬೀಗದ ಅಂಗಡಿಗೇ ಬೀಗ ಬೀಳಬೇಕಾಯಿತು. ನಿವೃತ್ತರಾದ ಮಾವ ಫೋನಿನಲ್ಲಿ ಗಿಟಾರುಗಳ ವಿಡಿಯೊ ನೋಡುತ್ತಾ ಕೂತರು. ಹೀಗೆ ನೋಡುತ್ತಿರುವಾಗ ಒಂದು ವಿಡಿಯೊದಲ್ಲಿ, ಮುಖ ಕಾಣದ ಎರಡು ಕೈಗಳು ಜೇನಿನಂಥ ನಾದ ಹೊರಡಿಸುತ್ತಿದ್ದವು. ಬೆರಳಿನಲ್ಲಿ ಅಳಿಯನಿಗೆ ಮದುವೆಯಲ್ಲಿ ತಾವೇ ಕೊಟ್ಟ ಉಂಗುರ! ಮಾವ ಹಿಗ್ಗಿ ಹೀರೇಕಾಯಿಯಾದರು. ಗಿಟಾರು ದುಬಾರಿಯದು, ಅಳಿಯ ಕೆಲಸಕ್ಕಿದ್ದ ಅಂಗಡಿಯಲ್ಲೇ ಎಲ್ಲಕ್ಕಿಂತ ದುಬಾರಿಯದು. ಅಂಗಡಿ ಎಂದರೂ ಅದೊಂದು ಉಗ್ರಾಣ ಅಷ್ಟೇ. ಕೊಳ್ಳುವುದೆಲ್ಲ ಫೋನಿನಲ್ಲೇ, ಮೊದಲು ನುಡಿಸಿ ನೋಡುವ ಹಾಗಿಲ್ಲ. ಗಿರಾಕಿಯ ಕೈಯಿಂದಲೇ ಕೀಲಿ ತಿರುಗಿಸಿ ತೋರಿಸದೆ ಒಂದು ಬೀಗವನ್ನೂ ಮಾರದ ಮನುಷ್ಯ, "ನಮ್ಮ ಅಳಿಯಂದಿರೇ ನುಡಿಸಿ ನೋಡಿದ ಮೇಲೆ ನಾನೇನು ನೋಡೋದು?" ಎಂದು ಯಾರಿಗೂ ಹೇಳದೆ ತರಿಸಿಬಿಟ್ಟರು.

ಅಳಿಯನಿಗೆ ಗೊತ್ತಾಗುವಷ್ಟರಲ್ಲಿ ಗಿಟಾರು ಮನೆ ಸೇರಿತ್ತು. ಅಂದಿನಿಂದ ಕಳ್ಳನ ಮನಸ್ಸು ಹುಳ್ಳುಳ್ಳಗೆ. ಏಕೆಂದರೆ ವಿಡಿಯೊದಲ್ಲಿ ಕೈ ಅವನದೇ, ಗಿಟಾರೂ ಅದೇ, ಆದರೆ ನಾದ ಅದರದಲ್ಲ. ಅದು ಅಂಗಡಿಯ ಯಜಮಾನರ ಸ್ವಂತದ್ದೊಂದು ಹಳೆಯ ಗಿಟಾರಿನದು. ಅದನ್ನು ಬೇರೆಯಾಗಿ ನುಡಿಸಿ, ಕಂಪ್ಯೂಟರಿನಲ್ಲಿ ಮೆರುಗು ಕೊಟ್ಟು, ಬೆರಳಿನ ಚಲನೆಗೆ ಕೂರಿಸಿದವನು ಅಳಿಯನೇ. ಎಷ್ಟು ಚೆನ್ನಾಗಿ ಕೂರಿಸಿದ್ದನೆಂದರೆ ಯಜಮಾನರು ಬೆನ್ನು ತಟ್ಟಿದ್ದರು.

"ಬೀರು ಮೇಲೆ ಯಾಕಿಟ್ರಿ ಮಾವ?"

"ಮತ್ತೇನು ಮಾಡ್ಲಿ? ನಿಮ್ಮ ಕೈಲಿ ಹಾಡುತ್ತೆ, ನನ್ನ ಕೈಲಿ ಕೆಮ್ಮುತ್ತೆ. ಹಾಗಂತ ಗಿಟಾರನ್ನ ದೂರಬಾರದು. ಕುಣೀಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಗುತ್ತೆ."

ಅಳಿಯ ಅದನ್ನು ಕೆಳಗಿಳಿಸಿ ನುಡಿಸಿದ. ರಟ್ಟಿನ ಡಬ್ಬಿಯನ್ನು ತಟ್ಟಿದಂಥ ಸದ್ದು. ಮಾವನ ಮುಖ ಇನ್ನಷ್ಟು ಇಳಿಯಿತು.

"ಅಯ್ಯೋ, ನಿಮ್ಮ ಕೈಲೂ ಹಾಗೇ ಬರ್ತಿದೆ! ನಾನು ಒರಟೊರಟಾಗಿ ನುಡಿಸಿ ಕೆಡಿಸಿಬಿಟ್ಟೆ ಅನ್ಸುತ್ತೆ, ಅಲ್ವಾ?"

ಹೇಳಿಬಿಡಲು ಅದೇ ಸರಿಯಾದ ಸಮಯವಾಗಿತ್ತು. ಅಳಿಯನ ಬಾಯಿಂದ ಬಂದದ್ದು ಮಾತ್ರ, "ತಂತಿ ಹಳೇದಾಗಿರಬೇಕು ಮಾವ."

ಮಾವ ಬಟ್ಟಲು ತೊಳೆಯಲು ಎದ್ದು ಹೋದಾಗ ಅತ್ತೆ ಹತ್ತಿರ ಬಂದು ದನಿ ತಗ್ಗಿಸಿದರು. "ನಾನು ಗುನುಗಿದ್ರೆ ಅವರ ಮುಖ ಸಣ್ಣದಾಗುತ್ತೆ ಕಣೋ. ಅದಕ್ಕೇ ಬಾಯಿ ಮುಚ್ಕೊಂಡು ಅಡುಗೆ ಮಾಡ್ತೀನಿ."

ಹೌದಲ್ಲ, ಅಡುಗೆಮನೆ ಇವತ್ತು ಇಷ್ಟೊಂದು ಮೌನವಾಗಿತ್ತು ಎಂಬುದು ಅಳಿಯನಿಗೆ ಆಗಲೇ ಹೊಳೆದದ್ದು. ಕುಡಿದ ಕಾಫಿ ಅವನಿಗೆ ರುಚಿಸಲಿಲ್ಲ.

ಮರುದಿನ ಉಗ್ರಾಣದಲ್ಲಿ ಯಜಮಾನರು ಅವನ ಮಾತನ್ನು ಪೂರ್ತಿ ಕೇಳಿಸಿಕೊಂಡರು. ಕೆಟ್ಟ ಮನುಷ್ಯರಲ್ಲ ಅವರು.

"ನೋಡು, ಫೋಟೊ ತೆಗೆಸ್ಕೊಳ್ಳೋಕೆ ಮುಂಚೆ ಮುಖಕ್ಕೆ ಪೌಡರ್ ಹಚ್ಕೊಳ್ಳಲ್ವಾ? ಇದೂ ಹಾಗೇ. ಬೇರೆ ಅಂಗಡಿಯವರು ನಮಗಿಂತ ಹತ್ತು ಪಟ್ಟು ಮಾಡ್ತಾರೆ. ನಾವೊಬ್ಬರೇ ಸಾಚಾಗಳಾಗಿ ಕೂತ್ರೆ ನೊಣ ಹೊಡೀಬೇಕಾಗುತ್ತೆ. ಆಮೇಲೆ ಇಲ್ಲಿರೋರ ಸಂಬಳ ಯಾರು ಕೊಡ್ತಾರೆ?"

"ಪೌಡರ್ ಆಗಿದ್ರೆ ಪರವಾಗಿರಲಿಲ್ಲ ಸರ್. ನಾವು ಬೇರೆಯವರ ಮುಖಾನೇ ಅಂಟಿಸಿದೀವಿ."

"ಸರಿಯಪ್ಪ. ಇಷ್ಟು ಮಾರಿದೀವಲ್ಲ, ಒಬ್ಬರಾದ್ರೂ ದೂರು ಕೊಟ್ಟಿದಾರಾ?"

"ಕೊಡಲ್ಲ ಸರ್," ಎಂದ ಅಳಿಯ. "ಅವರೆಲ್ಲ ತಮ್ಮ ಬೆರಳನ್ನೇ ಬೈಕೊಂಡು, ಬಿಸಿನೀರಲ್ಲಿ ಅದ್ದಿಕೊಂಡು ಕೂತಿದಾರೆ."

ಯಜಮಾನರು ತಮ್ಮ ಬೆರಳುಗಳನ್ನೇ ನೋಡಿಕೊಂಡರು. ಅವರೂ ಗಿಟಾರು ಕಲಿತವರೇ. "ನಿಮ್ಮ ಮಾವನ್ನ ಕರ್ಕೊಂಡು ಬಾ, ಬೇರೇದು ಕೊಡೋಣ. ವಿಡಿಯೊನೂ ನಿನ್ನಿಷ್ಟದಂತೆ ಮಾಡು, ಒಂದೇ ಒಂದು. ವ್ಯಾಪಾರ ಬಿದ್ದುಹೋದ್ರೆ ನಿನ್ನನ್ನೇ ಕೇಳ್ತೀನಿ," ಎಂದರು.

ಅದು ಸುಲಭದ ಭಾಗ. ಕಷ್ಟದ್ದು ಸಂಜೆ ಮಾವನ ಮನೆಯಲ್ಲಿ ಕಾದಿತ್ತು. ಚಪ್ಪಲಿ ಬಿಡುತ್ತಲೇ ಅಳಿಯ ಹೇಳಿಬಿಟ್ಟ. ಕೂತರೆ ಧೈರ್ಯವೂ ಕೂತುಬಿಡುತ್ತದೆ ಎಂಬ ಭಯ ಅವನಿಗೆ.

"ಮಾವ, ಈ ಸಲ ನೆಲವೇ ಡೊಂಕು. ಡೊಂಕು ಮಾಡಿದವನು ನಾನು. ವಿಡಿಯೊದಲ್ಲಿ ಕೇಳಿದ್ದು ಈ ಗಿಟಾರಿನ ನಾದ ಅಲ್ಲ. ಬೇರೆಯದನ್ನ ತಂದು ಕೂರಿಸಿದ್ದೆ. ನಿನ್ನೆ ತಂತಿ ಅಂದಿದ್ದೂ ಸುಳ್ಳು."

ಮೊದಲು ಮಾತಾಡಿದವರು ಅತ್ತೆ. ಮಗನಂತೆ ಏಕವಚನದಲ್ಲಿ ಕರೆಯುತ್ತಿದ್ದವರು ಅಂದು, "ಅವರು ದಿನಾ ಬಿಸಿನೀರು ಕಾಯಿಸ್ಕೊಳ್ತಿದ್ರು. ನೋಡ್ಕೊಂಡೂ ಸುಮ್ಮನೆ ಕಾಫಿ ಕುಡಿದು ಹೋದ್ರಲ್ಲ ನೀವು," ಎಂದರು. ಆ 'ನೀವು' ಅಳಿಯನ ಎದೆಗೆ ನಾಟಿತು. ಬೈದಿದ್ದರೇ ಒಳ್ಳೆಯದಿತ್ತು ಅನ್ನಿಸಿತು.

ಮಾವ ಎಡಗೈಯನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದರು.

"ಅಂದ್ರೆ... ನನ್ನ ಕೈ ಸರಿ ಇದೆ?"

"ಸರಿ ಇದೆ ಮಾವ."

"ಕಿವೀನೂ?"

"ಕಿವೀನೂ ಸರಿ ಇದೆ."

"ಕೇಳಿದ್ಯೇನೇ?" ಮಾವ ಎದ್ದೇ ನಿಂತರು. ಪಕ್ಕದಲ್ಲೇ ಇದ್ದ ಹೆಂಡತಿಗೆ ಪಕ್ಕದ ಬೀದಿಗೂ ಕೇಳುವಂತೆ ಕೂಗಿದರು, "ನನ್ನ ಕೈ ಸರಿ ಇದೆಯಂತೆ ಕಣೇ!" ಆಮೇಲೆ ಅಳಿಯನ ಕಡೆ ತಿರುಗಿ, "ನಿಮ್ಮ ಮೇಲೆ ಸಿಟ್ಟು ಮಾಡ್ಕೋಬೇಕು, ಗೊತ್ತು. ನಾಳೆಯಿಂದ ಮಾಡ್ಕೋತೀನಿ. ಇವತ್ತು ಖುಷಿಯಾಗಿದೆ," ಎಂದರು. ಅಳಿಯನ ಕಣ್ಣು ತುಂಬಿ ಬಂತು.

ಮುಂದಿನ ಭಾನುವಾರ ಮೂವರೂ ಉಗ್ರಾಣಕ್ಕೆ ಹೋದರು. ರಟ್ಟಿನ ಪೆಟ್ಟಿಗೆಗಳ ನಡುವೆ ಒಂದು ಸ್ಟೂಲು ಹಾಕಿಸಿಕೊಂಡು ಮಾವ ಒಂದೊಂದೇ ಗಿಟಾರನ್ನು ತೊಡೆಯ ಮೇಲಿಟ್ಟು, ಬೀಗದೊಳಗಿನ ಸದ್ದಿಗೆ ಕಿವಿಗೊಡುತ್ತಿದ್ದ ಹಾಗೆ ತಲೆ ಓರೆ ಮಾಡಿ ಕೇಳಿದರು. ಕೊನೆಗೆ ಆರಿಸಿದ್ದು ಥಳಕು ಬಳಕಿಲ್ಲದ ಒಂದು ಸಾದಾ ಗಿಟಾರನ್ನು. ಅಳಿಯ ಫೋನು ಹಿಡಿದು ನಿಂತ. ಮಾವ ತಮಗೆ ಬರುವಷ್ಟನ್ನು ನುಡಿಸಿದರು, ನಡುವೆ ಎರಡು ಸಲ ಎಡವಿದರು, ಸ್ಟೂಲು ಕಿರುಗುಟ್ಟಿತು. ಅಷ್ಟರಲ್ಲಿ ಪೆಟ್ಟಿಗೆಗಳ ಹಿಂದಿನಿಂದ ತೆಳ್ಳಗೆ ಒಂದು ರಾಗ ಶುರುವಾಯಿತು. ಮಾವನ ಕೈ ಅರೆಗಳಿಗೆ ತಡವರಿಸಿ, ಅದರ ಜೊತೆಗೇ ನಡೆಯಿತು.

ಮುಗಿದ ಮೇಲೆ ಅತ್ತೆ ಅಳಿಯನ ಹತ್ತಿರ ಬಂದು, "ಹೊಟ್ಟೆ ಹಸಿದಿರಬೇಕು ನಿನಗೆ, ಮನೆಗೆ ನಡಿ," ಎಂದರು.

ಯಜಮಾನರು ಫೋನಿಗೆ ಕಿವಿಯಿಟ್ಟು ವಿಡಿಯೊ ಪೂರ್ತಿ ಕೇಳಿದರು. "ಎಡವಿದ್ದು ಇರಲಿ, ಸ್ಟೂಲಿನ ಸದ್ದೂ ಇರಲಿ," ಎಂದರು. "ಆ ಹೆಂಗಸರ ದನಿ ಮಾತ್ರ ತೆಗೆದುಬಿಡು. ಸೇರಿಸಿದ್ದು ಅಂದ್ಕೋತಾರೆ."

"ಅದನ್ನ ತೆಗೆಯಲ್ಲ ಸರ್," ಎಂದ ಅಳಿಯ. "ಅದು ಅಲ್ಲೇ ಇದ್ದದ್ದು."