ಹದಿನೇಳನೆಯದು ಸತ್ತಿಲ್ಲ

ನನ್ನ ತಂಗಿಯ ಮಗಳು ಏನು ಓದುತ್ತಿದ್ದಾಳೆ ಎಂದು ಅಂಗಡಿಗೆ ಬಂದವರು ಕೇಳಿದಾಗಲೆಲ್ಲ ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಡಾಲ್ಫಿನ್‌ಗಳ ಅಂಟುರೋಗದ ಮೇಲೆ ಡಾಕ್ಟರೇಟ್ ಮಾಡುತ್ತಿದ್ದಾಳೆ ಎಂದರೆ, "ಹಾಗಾದ್ರೆ ಮೀನಿಗೆ ಇಂಜೆಕ್ಷನ್ ಕೊಡ್ತಾಳಾ?" ಎಂದು ನಗುವರು. ಡಾಲ್ಫಿನ್ ಮೀನಲ್ಲ, ಮರಿಗೆ ಹಾಲೂಡಿಸುವ ಪ್ರಾಣಿ ಎಂದು ಐದು ವರ್ಷದಲ್ಲಿ ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ನಾನೋ, ಏಳನೇ ಕ್ಲಾಸಿನಲ್ಲಿ ಎರಡು ಸಲ ಫೇಲಾಗಿ ಹೊಲಿಗೆ ಯಂತ್ರದ ಮುಂದೆ ಕೂತವಳು. ಪ್ಯಾಂಟಿನ ಅಳತೆ ತೆಗೆಯುತ್ತಾ ಪಾಠ ಹೇಳುವ ಯೋಗ ಇವಳಿಂದ ಬಂತು.

ಹುಡುಗಿ ಅಂಗಡಿಯ ಮೇಲಿನ ಕೋಣೆಯಲ್ಲೇ ನನ್ನ ಜೊತೆ ಇದ್ದಳು. ಬೆಳಿಗ್ಗೆ ದೋಣಿಯಲ್ಲಿ ಹೋಗಿ, ತೀರದ ಹತ್ತಿರ ಓಡಾಡುವ ಡಾಲ್ಫಿನ್‌ಗಳ ಫೋಟೋ ತೆಗೆದು, ಉಪ್ಪು ಮೆತ್ತಿದ ಮುಖ ಹೊತ್ತು ಬರುವಳು. ಒಂದೊಂದಕ್ಕೂ ಒಂದು ನಂಬರು. ಬೆನ್ನಿನ ರೆಕ್ಕೆಯ ಅಂಚಿನಲ್ಲಿರುವ ಹರಕು, ಸೀಳು ನೋಡಿ ಯಾವುದು ಯಾವುದೆಂದು ಗುರುತು ಹಿಡಿಯುತ್ತಾರೆ. ಆ ಕೆಲಸ ಕಂಪ್ಯೂಟರಿನದು. ಈ ಡಾಲ್ಫಿನ್‌ಗಳಲ್ಲಿ ಒಂದು ವೈರಸ್ ಹಬ್ಬಿತ್ತು. ಮೈಮೇಲೆ ಗಜಕರ್ಣದಂಥ ಉಂಗುರಗಳು ಏಳುವುದು, ಮೈಗೆ ಮೈ ತಾಗಿದರೆ ಇನ್ನೊಂದಕ್ಕೆ ಹತ್ತುವುದು. ರೋಗ ಬಂದವು ವಾಸಿಯಾಗುತ್ತವೆ ಎಂಬುದು ನಮ್ಮ ಹುಡುಗಿಯ ವಾದ. ಸಾಯುತ್ತವೆ ಎಂಬುದು ಅವಳ ಗೈಡ್ ಮೇಷ್ಟ್ರ ವಾದ. ರೋಗ ಬಂದವುಗಳಲ್ಲಿ ಒಂಬತ್ತು ಎರಡು ವರ್ಷದಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಗೈಡ್ ಆ ಒಂಬತ್ತರ ಮುಂದೆ ರಿಜಿಸ್ಟರಿನಲ್ಲಿ ತಮ್ಮ ಕೈಯಾರೆ 'ಮೃತ' ಎಂದು ಬರೆದುಬಿಟ್ಟಿದ್ದರು.

ಗೈಡ್ ಕೆಟ್ಟವರಲ್ಲ. ಏನು ಹೇಳಿದರೂ "ಆಧಾರ ಎಲ್ಲಿ?" ಎನ್ನುವರು, ಅಷ್ಟೆ. ಅದಕ್ಕೇ ನಾನು ಅವರಿಗೆ ಆಧಾರ ಮೇಷ್ಟ್ರು ಎಂದು ಹೆಸರಿಟ್ಟಿದ್ದೆ. ಒಂದು ದಿನ ಅವರು ಖಡಾಖಂಡಿತವಾಗಿ ಹೇಳಿದರು: ಎರಡು ತಿಂಗಳೊಳಗೆ ವಾಸಿಯಾದ ಒಂದಾದರೂ ಡಾಲ್ಫಿನ್ ತೋರಿಸಬೇಕು, ಇಲ್ಲವಾದರೆ ಆ ವಾದ ಕೈಬಿಡಬೇಕು. ಅದನ್ನು ಬಿಟ್ಟರೆ ಪ್ರಬಂಧದಲ್ಲಿ ಉಳಿಯುವುದು ರಟ್ಟು ಮಾತ್ರ. ಹೊಸದಾಗಿ ಬರೆಯಲು ಅವಧಿ ಇರಲಿಲ್ಲ. ಐದು ವರ್ಷ ನೀರುಪಾಲು.

ಅವತ್ತು ಹುಡುಗಿ ನನ್ನ ಕಟಿಂಗ್ ಟೇಬಲ್ ಮೇಲೆ ಫೋಟೋಗಳನ್ನೆಲ್ಲ ಹರವಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಮಧ್ಯಾಹ್ನಕ್ಕೆ ಕೊಡಬೇಕಾಗಿದ್ದ ಕೋಟಿನ ಬಟ್ಟೆ ಅಡಿಯಲ್ಲಿ ಸಿಕ್ಕಿಕೊಂಡಿತ್ತು.

"ಅಳೋದಾದ್ರೆ ಆ ಕಡೆ ಕೂತು ಅಳು. ಕೋಟಿಗೆ ಕಲೆ ಆಗುತ್ತೆ" ಎಂದೆ. ಸಂಕಟವೇನೋ ನನಗೂ ಆಗಿತ್ತು. ತೋರಿಸಿಕೊಳ್ಳುವ ಜಾಯಮಾನ ನನ್ನದಲ್ಲ.

ಫೋಟೋಗಳನ್ನು ಒಟ್ಟುಮಾಡಲು ಹೋದ ಕೈ ಎರಡರ ಮೇಲೆ ನಿಂತಿತು. ಒಂದರ ಕೆಳಗೆ ಹದಿನೇಳು ಎಂದಿತ್ತು, ಇನ್ನೊಂದರ ಕೆಳಗೆ ತೊಂಬತ್ತೆರಡು.

"ಒಂದಕ್ಕೇ ಯಾಕೆ ಎರಡು ನಂಬರ್ ಹಾಕಿದೀಯ?"

"ಅದು ಬೇರೆ, ಇದು ಬೇರೆ ದೊಡ್ಡಮ್ಮ. ಹದಿನೇಳು ಸತ್ತುಹೋಯ್ತು. ತೊಂಬತ್ತೆರಡು ಹೋದ ವರ್ಷ ಹೊಸದಾಗಿ ಬಂದಿದ್ದು, ಮೈಮೇಲೆ ಒಂದು ಉಂಗುರಾನೂ ಇಲ್ಲ. ರೆಕ್ಕೆ ನೋಡು, ಹದಿನೇಳಕ್ಕೆ ಎರಡು ಸಣ್ಣ ಹರಕು, ಇದಕ್ಕೆ ಒಂದೇ ದೊಡ್ಡದು."

"ಸತ್ತಿರೋದು ನಿನ್ನ ಬುದ್ಧಿ. ಎರಡು ಹರಕು ಸೇರ್ಕೊಂಡು ಒಂದಾಗಿದೆ. ಕೆಳಗಿನ ಸೀಳು ಹಾಗೇ ಇದೆ, ತುದಿಯ ಬಾಗೂ ಹಾಗೇ ಇದೆ. ಕಣ್ಣು ಒರೆಸ್ಕೊಂಡು ನೋಡು."

ಎರಡನ್ನೂ ಒಂದೇ ಅಳತೆಗೆ ಮತ್ತೆ ಪ್ರಿಂಟ್ ಹಾಕಿಸಿದೆ. ಹದಿನೇಳರ ಅಂಚನ್ನು ತೆಳು ಕಾಗದದ ಮೇಲೆ ಎಳೆದು ತೊಂಬತ್ತೆರಡರ ಮೇಲಿಟ್ಟೆ. ದೊಡ್ಡ ಹರಕಿನ ಜಾಗವೊಂದು ಬಿಟ್ಟರೆ ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ.

"ಯಾವುದಾದ್ರೂ ಮೀನು ಕಚ್ಚಿರಬೇಕು" ಎಂದಳು, ದನಿಯೇ ಇಲ್ಲದೆ.

"ಕಚ್ಚಿದ್ರೆ ಕತ್ತರಿ ಹಾಕಿದ ಹಾಗೆ ಇರ್ತಿತ್ತು. ಇದು ಉಜ್ಜಿ ಉಜ್ಜಿ ಸವೆದು ಹರಿದಿರೋದು, ಪ್ಯಾಂಟಿನ ಮಂಡಿ ಹರಿಯೋ ಹಾಗೆ. ಇದಕ್ಕೆ ಮೈ ಕಡೀತಿತ್ತಾ?"

ಹುಡುಗಿ ದಡಕ್ಕನೆ ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಬಿತ್ತು.

"ಕಡೀತಿತ್ತು! ಬಂಡೆಗೆಲ್ಲ ಉಜ್ಕೊಳ್ತಿತ್ತು, ನಾನೇ ನೋಡಿದೀನಿ. ಕಾಯಿಲೆ ಬಂದವೇ ಉಜ್ಕೊಳ್ಳೋದು, ಉಜ್ಕೊಂಡವೇ ರೆಕ್ಕೆ ಹರ್ಕೊಳ್ಳೋದು, ಅದಕ್ಕೇ ಕಂಪ್ಯೂಟರ್‌ಗೆ ಅವೇ ಗುರುತು ಸಿಗದೆ ಹೋಗೋದು! ಅವು ಸತ್ತಿಲ್ಲ ದೊಡ್ಡಮ್ಮ, ನಾವೇ ಕಾಗದದ ಮೇಲೆ ಸಾಯಿಸಿದ್ವಿ!"

ನನ್ನನ್ನು ಬಾಚಿ ತಬ್ಬಿಕೊಂಡಳು. ಕೋಟಿಗೆ ಕೊನೆಗೂ ಕಲೆಯಾಯಿತು.

ಆಧಾರ ಮೇಷ್ಟ್ರು ಸುಮ್ಮನೆ ಒಪ್ಪುವರೇ? ಎರಡು ದಿನ ಬಿಟ್ಟು ಅವರೇ ಅಂಗಡಿಗೆ ಬಂದರು, ಬಗಲಲ್ಲಿ ದಪ್ಪ ಲಕೋಟೆ. ಪ್ರತಿ ಡಾಲ್ಫಿನ್‌ನಿಂದ ಉಗುರಿನಷ್ಟು ಚರ್ಮ ತೆಗೆದು ಫ್ರೀಜರಿನಲ್ಲಿ ಇಟ್ಟಿದ್ದರಂತೆ. ಲ್ಯಾಬಿಗೆ ಕೊಟ್ಟರೆ ಎರಡು ಚೂರು ಒಂದೇ ಪ್ರಾಣಿಯದೋ ಅಲ್ಲವೋ ತಿಳಿಯುತ್ತದಂತೆ. ಆದರೆ ಅದಕ್ಕೆ ಮೊದಲು ನನ್ನ ಉತ್ತರ ಬರವಣಿಗೆಯಲ್ಲಿ ಬೇಕು.

"ನಲವತ್ತು ಜೋಡಿ ಫೋಟೋ ಇದೆ ಅಮ್ಮ, ಆ ಒಂಬತ್ತರದೂ ಸೇರಿ. ನಂಬರ್ ಇಲ್ಲ. ಒಂದೇನಾ, ಬೇರೆನಾ ಹೇಳಿ. ಗೊತ್ತಾಗದಿದ್ರೆ ಗೊತ್ತಾಗಲ್ಲ ಅನ್ನಿ."

ಪರೀಕ್ಷೆ ಎಂದರೆ ನನಗೆ ಈ ವಯಸ್ಸಿನಲ್ಲೂ ಏಳನೇ ಕ್ಲಾಸೇ ನೆನಪಾಗುವುದು. ನಾನು ತಪ್ಪಿದರೆ ಮುಳುಗುವವಳು ನಾನಲ್ಲ, ಬಾಗಿಲ ಹೊರಗೆ ಉಗುರು ಕಚ್ಚುತ್ತಾ ನಿಂತಿದ್ದ ಹುಡುಗಿ. ಕನ್ನಡಕ ಒರೆಸಿಕೊಂಡು ಕೂತೆ. ಒಂದೊಂದು ಅಂಚನ್ನೂ ಕಾಗದದ ಮೇಲೆ ಎಳೆದೆ, ಇಟ್ಟೆ, ಜರುಗಿಸಿದೆ. ಗಿರಾಕಿಗಳು ಬಂದು ಬೈದುಕೊಂಡು ಹೋದರು. ಇಪ್ಪತ್ತಾರನೇ ಜೋಡಿಗೆ ಬಂದಾಗ ನನಗೆ ರೇಗಿತು.

"ಇದು ಒಂದೇ ಫೋಟೋ ಅಲ್ವಾ ಮೇಷ್ಟ್ರೇ? ಎಡಗಡೆಯಿಂದ ಬಲಕ್ಕೆ ತಿರುಗಿಸಿ ಪ್ರಿಂಟ್ ಹಾಕಿಸಿದೀರ. ಈ ನೀರಿನ ಹನಿ ನೋಡಿ, ಎರಡರಲ್ಲೂ ಅದೇ ಹನಿ. ಎಡತೋಳು ಬಲತೋಳು ಗೊತ್ತಿಲ್ದೆ ನಲವತ್ತು ವರ್ಷ ಬಟ್ಟೆ ಹೊಲಿದೆ ಅಂದ್ಕೊಂಡ್ರಾ?"

ಮೇಷ್ಟ್ರು ಕೆಮ್ಮಿದರು. ಕಿವಿ ಕೆಂಪಾಗಿತ್ತು. ನಾಲ್ಕು ಜೋಡಿಗೆ ನಾನು 'ಗೊತ್ತಾಗಲ್ಲ' ಎಂದು ಬರೆದೆ. ಗೊತ್ತಿಲ್ಲದ್ದನ್ನು ಗೊತ್ತು ಎಂದರೆ ಬಟ್ಟೆ ಹಾಳಾಗುತ್ತದೆ, ಇಲ್ಲಿ ಡಾಲ್ಫಿನ್ ಹಾಳಾಗುತ್ತದೆ.

ಲ್ಯಾಬಿನ ವರದಿ ಬರಲು ಮೂರು ವಾರ ಹಿಡಿಯಿತು. ಆ ಮೂರು ವಾರ ನಾನು ಹೊಲಿದದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು. ಕೊನೆಗೆ ಒಂದು ಬೆಳಿಗ್ಗೆ ಹುಡುಗಿ ಬೀದಿಯ ಆ ತುದಿಯಿಂದಲೇ ಕೂಗುತ್ತಾ ಓಡಿ ಬಂದಳು. ಎಲ್ಲ ಬಾಗಿಲುಗಳಲ್ಲೂ ತಲೆಗಳು ಕಂಡವು.

"ಮೂವತ್ತಾರಕ್ಕೆ ಮೂವತ್ತಾರು! ನೀನು ಹೇಳಿದ್ದೆಲ್ಲ ಸರಿ ದೊಡ್ಡಮ್ಮ! ಒಂಬತ್ತರಲ್ಲಿ ಐದು ಬದುಕಿವೆ! ಐದೂ ವಾಸಿಯಾಗಿವೆ!"

ನನಗೆ ಆದ ಸಂತೋಷವನ್ನು ಮುಚ್ಚಿಡುವುದೇಕೆ? ಸೂಜಿ ಎಲ್ಲಿಟ್ಟೆನೆಂದೇ ಮರೆತುಹೋಯಿತು.

ಅವಳ ಕೊನೆಯ ಮೌಖಿಕ ಪರೀಕ್ಷೆಗೆ ನನ್ನನ್ನೂ ಕರೆದುಕೊಂಡು ಹೋದಳು. ಹೊರಗಿನಿಂದ ಬಂದಿದ್ದ ಪರೀಕ್ಷಕಿ ಬಹಳ ಬಿಗಿ ಹೆಂಗಸು. ಅವರ ಜಾಕೆಟ್ಟಿನ ಎಡ ಭುಜದ ಹೊಲಿಗೆ ಒಂದು ಬೆರಳು ಮುಂದೆ ಬಂದಿತ್ತು. ಎರಡು ಗಂಟೆ ಹುಡುಗಿಯನ್ನು ಹಿಂಡಿ ಹಿಪ್ಪೆ ಮಾಡಿದರು. ಅವಳು ಒಂದಕ್ಕೂ ತಡವರಿಸಲಿಲ್ಲ. ಕೊನೆಗೆ ಆಕೆ ಕೇಳಿದರು, "ಸವೆದ ಅಂಚನ್ನ ಹೀಗೆ ಓದೋದು ಯಾವ ಪುಸ್ತಕದಲ್ಲಿದೆ?"

"ಪುಸ್ತಕದಲ್ಲಿಲ್ಲ ಮೇಡಂ. ನಮ್ಮ ದೊಡ್ಡಮ್ಮ ಟೈಲರ್. ಅಲ್ಲಿ ಕೂತಿದ್ದಾರೆ."

ಇಡೀ ಸಭೆ ನನ್ನತ್ತ ತಿರುಗಿತು. ಪರೀಕ್ಷಕಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರ ಹಿಂದೆ ಎಲ್ಲರೂ ತಟ್ಟಿದರು. ಹುಡುಗಿಗೆ ಡಾಕ್ಟರೇಟ್ ಆಯಿತು. ಇನ್ನು ಮೇಲೆ ಗಿರಾಕಿಗಳಿಗೆ ನಾನು ಮೊದಲಿಗೇ "ನಮ್ಮ ಡಾಕ್ಟರು" ಎನ್ನುತ್ತೇನೆ, ಮೀನಿನ ಮಾತು ಯಾರೆತ್ತುತ್ತಾರೋ ನೋಡುತ್ತೇನೆ.

ಜನ ಕರಗಿದ ಮೇಲೆ ಆಧಾರ ಮೇಷ್ಟ್ರು ಆ ರಿಜಿಸ್ಟರನ್ನು ತಂದು ನನ್ನ ಮುಂದೆ ತೆರೆದಿಟ್ಟರು. ಹದಿನೇಳರ ಮುಂದೆ ಅವರದೇ ಅಕ್ಷರದಲ್ಲಿ 'ಮೃತ' ಎಂದಿತ್ತು.

"ಬರೆದಿದ್ದು ನಾನು. ನೀವು ಹೊಡೆದು ಹಾಕಿ ಅಮ್ಮ" ಎಂದು ಪೆನ್ನು ಕೊಟ್ಟರು.

ಬಟ್ಟೆಯ ಮೇಲೆ ನಲವತ್ತು ವರ್ಷದಲ್ಲಿ ನಾನು ಎಳೆದ ಗೆರೆ ಒಂದೂ ಸೊಟ್ಟಗಾದದ್ದಿಲ್ಲ. ಅವತ್ತು ಐದು ಗೆರೆ ಎಳೆದೆ. ಐದೂ ಸೊಟ್ಟಗಾದವು.