ಕಿಟಕಿಗೆ ಕಾಣುವ ಬೆಂಕಿ

ಗಣಿ ಮುಚ್ಚಿ ಆರು ವರ್ಷವಾಗಿದ್ದರೂ ನಿವೃತ್ತ ಕಾರ್ಮಿಕರ ಪಾಲಿನ ಪುಕ್ಕಟೆ ಕಲ್ಲಿದ್ದಲು ನಿಂತಿರಲಿಲ್ಲ. ಐದು ವಾರಕ್ಕೊಮ್ಮೆ ಲಾರಿ ಬಂದು ಮನೆ ಮುಂದಿನ ರಸ್ತೆಯಲ್ಲೇ ರಾಶಿ ಸುರಿದು ಹೋಗುತ್ತಿತ್ತು. ಅದನ್ನು ಹಿತ್ತಲಿಗೆ ಸಾಗಿಸುವುದು ಮನೆಯ ಗಂಡಸಿನ ಕೆಲಸ. ಯಾರ್ಕ್‌ಷೈರಿನ ಆ ಬೀದಿಯಲ್ಲಿ ಅಷ್ಟೂ ಮಾಡಲಾಗದವನನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಅಕ್ಟೋಬರಿನ ರಾಶಿಯನ್ನು ಮೇವಿಸ್ ಒಬ್ಬಳೇ ಸಾಗಿಸಿದಳು. ಮೂವತ್ತೊಂಬತ್ತು ವರ್ಷ ಗಣಿಯ ಧೂಳು ಕುಡಿದ ಅವಳ ಗಂಡ ಸೆಲ್ವಿನ್ ಪರದೆಯ ಹಿಂದೆ ನಿಂತು ಏದುಸಿರು ಬಿಡುತ್ತಿದ್ದ.

"ಏನ್ ಮೇವಿಸ್, ಗಣಿಗೆ ಹೊಸದಾಗಿ ಸೇರ್ಕೊಂಡ್ಯಾ?" ಎದುರುಮನೆಯ ಹೊರೇಸ್ ಕೂಗಿದ.

"ನೀನ್ ಬಿಟ್ಟ ಜಾಗ ಖಾಲಿ ಇತ್ತಲ್ಲಾ, ಸೇರ್ಕೊಂಡೆ."

ಬೀದಿ ನಕ್ಕಿತು. ಆ ದಿನ ಸೆಲ್ವಿನ್ ಊಟ ಮುಟ್ಟಲಿಲ್ಲ.

ಕಲ್ಲಿದ್ದಲ ಹೊಗೆ ಬೇಡವೆಂದು ಡಾಕ್ಟರು ಮೊದಲೇ ಹೇಳಿದ್ದರು. ಕೋಣೆ ಮಾತ್ರ ಇಪ್ಪತ್ತೊಂದು ಡಿಗ್ರಿಗಿಂತ ಕೆಳಗಿಳಿಯಕೂಡದು, ಇಳಿದರೆ ಈ ಚಳಿಗಾಲ ದಾಟುವುದು ಕಷ್ಟ ಎಂದಿದ್ದರು. ಕಲ್ಲಿದ್ದಲು ಬೇಡವೆಂಬ ಕಾಗದಕ್ಕೆ ಸೆಲ್ವಿನ್ ಸಹಿ ಹಾಕಿದ. ಹಳೆಯ ಅಗ್ಗಿಷ್ಟಿಕೆಯ ಗೂಡಿನೊಳಗೆ ಕೂರಿಸುವ ಗ್ಯಾಸ್ ಒಲೆ ಆರಿಸಲು ಇಬ್ಬರೂ ಪೇಟೆಗೆ ಹೋದರು.

ಅಂಗಡಿಯ ಕ್ಲೈವ್ ಎರಡನ್ನು ಹೊತ್ತಿಸಿ ತೋರಿಸಿದ.

"ಇದು ಗಾಜು ಮುಚ್ಚಿದ್ದು. ಬಿಸಿಯೆಲ್ಲಾ ಕೋಣೆಗೇ ಬರತ್ತೆ. ಅದು ತೆರೆದದ್ದು, ನೋಡೋಕೆ ಥೇಟ್ ಕಲ್ಲಿದ್ದಲೇ. ಆದ್ರೆ ಹತ್ತು ಪಾಲಲ್ಲಿ ಎಂಟು ಪಾಲು ಬಿಸಿ ಹೊಗೆಕೊಳವೇಲಿ ಆಕಾಶಕ್ಕೆ ಹೋಗತ್ತೆ. ಯಜಮಾನ್ರ ಎದೆಗೆ ಗಾಜಿಂದೇ ಸರಿ, ಮಿಸೆಸ್ ಓಲ್ಡ್‌ರಾಯ್ಡ್."

"ಗಾಜಿನ ಹಿಂದೆ ಇಟ್ಟು ನೋಡೋಕೆ ಬೆಂಕಿ ಅಂದ್ರೆ ಮೀನಾ?" ಎಂದ ಸೆಲ್ವಿನ್.

"ಮೀನಾದ್ರೂ ಆಗ್ಲಿ, ಬೆಚ್ಚಗಿದ್ರೆ ಸಾಕು," ಎಂದಳು ಮೇವಿಸ್.

"ಬೀದೀಲಿ ಹೋಗೋರು ಏನಂತಾರೆ? ಸೆಲ್ವಿನ್ ಮನೇಲಿ ಬೆಂಕಿ ಆರಿಹೋಯ್ತು ಅಂತಾರೆ."

"ಬೆಂಕಿ ಆರಿದ್ರೆ ಹೋಗ್ಲಿ. ನೀನೇ ಆರಿಹೋಗ್ತೀಯ ಕಣೋ!"

ಅವನಿಗೆ ಉಸಿರು ಸಾಲಲಿಲ್ಲ. ಮೇಜಿಗೆ ಒಂದು ಕೈ ಊರಿ ಬಗ್ಗಿ ನಿಂತು, ಇನ್ನೊಂದು ಕೈಯ ಬೆರಳನ್ನು ತೆರೆದ ಒಲೆಯತ್ತಲೇ ಚಾಚಿದ್ದ. ಮದುವೆಯಾದಾಗಿನಿಂದ ಜಗಳದಲ್ಲಿ ಮೇವಿಸ್ ಸೋತದ್ದಿಲ್ಲ. ಇದನ್ನೂ ಗೆಲ್ಲಬಹುದಿತ್ತು. ಪರದೆಯ ಹಿಂದೆ ನಿಂತಿದ್ದ ಅವನ ಮುಖ ನೆನಪಾಯಿತು.

"ಅದನ್ನೇ ಕೊಡಿ," ಎಂದಳು. ಕ್ಲೈವ್ ಇನ್ನೊಮ್ಮೆ ಗಾಜಿನ ಒಲೆಯತ್ತ ನೋಡಿ ರಸೀತಿ ಬರೆದ.

ಲಾರಿ ಈಗ ಅವರ ಬಾಗಿಲಲ್ಲಿ ನಿಲ್ಲದೆ ಹೋಗುವುದು ಬೀದಿಗೆಲ್ಲ ಗೊತ್ತಿತ್ತು. ಯಾರೂ ಸೊಲ್ಲೆತ್ತಲಿಲ್ಲ. ಸೆಲ್ವಿನ್ ಪರದೆ ಪೂರ್ತಿ ಸರಿಸಿ, ಕೋಟು ಹಾಕಿಕೊಂಡು, ಗ್ಯಾಸ್ ಒಲೆಯೊಳಗಿನ, ಮಣ್ಣಿನಲ್ಲಿ ಮಾಡಿದ ಕಲ್ಲಿದ್ದಲ ಮುಂದೆ ದಿನವಿಡೀ ಕೂರುತ್ತಿದ್ದ. ಬೆಂಕಿ ಕೆಂಪಗೆ, ಅಂದವಾಗಿ ಉರಿಯುತ್ತಿತ್ತು. ಕಾಲುಗಳಿಗೆ ಮಾತ್ರ ಬಿಸಿ ತಾಕುತ್ತಿತ್ತು, ಬೆನ್ನಿಗೆ ಚಳಿ.

ಜನವರಿಯಲ್ಲಿ ಹೊಸ ನರ್ಸ್ ಒಬ್ಬಳು ಬಂದಳು. ಬಾಗಿಲಲ್ಲೇ ನಿಂತು ಮೇವಿಸಳ ಮೇಲೆ ಹರಿಹಾಯ್ದಳು.

"ಈ ಎದೆ ಇಟ್ಕೊಂಡವರ ಮುಂದೆ ಕಲ್ಲಿದ್ದಲು ಉರಿಸ್ತಿದೀರಲ್ಲಾ! ಹೆಂಡ್ತಿಯಾಗಿ ನಿಮಗಾದ್ರೂ ಬುದ್ಧಿ ಬೇಡ್ವಾ?"

ಮೇವಿಸ್ ಗಂಡನ ಕಡೆ ನೋಡಿದಳು. ಅವನ ಕಣ್ಣು ಹೊಳೆಯುತ್ತಿತ್ತು. ಹೇಳಬೇಡವೆಂದು ಸಣ್ಣಗೆ ತಲೆಯಾಡಿಸಿದ.

"ನಿಲ್ಲಿಸ್ತೀವಿ ಸಿಸ್ಟರ್," ಎಂದಳು ಮೇವಿಸ್.

ನರ್ಸ್ ಗೋಡೆಯ ಉಷ್ಣಮಾಪಕ ನೋಡಿದಳು. "ಇಷ್ಟು ಬೆಂಕಿ ಇದ್ರೂ ಬರೀ ಹದಿನಾಲ್ಕಾ?" ಎಂದು ಗೊಣಗಿ ಬರೆದುಕೊಂಡು ಹೋದಳು.

"ನೋಡಿದ್ಯಾ?" ಸೆಲ್ವಿನ್ ನಗತೊಡಗಿದ. "ನರ್ಸಮ್ಮನಿಗೇ ಗೊತ್ತಾಗ್ಲಿಲ್ಲ ಕಣೇ!"

ನಗು ಕೆಮ್ಮಾಯಿತು. ಕೆಮ್ಮು ಬೇಗ ನಿಲ್ಲಲಿಲ್ಲ. ಕುರ್ಚಿಯ ಕೈ ಹಿಡಿದಿದ್ದ ಅವನ ಉಗುರುಗಳು ನೀಲಿಯಾಗಿದ್ದವು. ಮೇವಿಸ್ ತನ್ನ ಮೈಮೇಲಿದ್ದ ಉಣ್ಣೆ ಅಂಗಿಯನ್ನೂ ಬಿಚ್ಚಿ ಅವನ ಹೆಗಲಿಗೆ ಹೊದಿಸಿದಳು.

"ಹೌದು," ಎಂದಳು. "ಯಾರಿಗೂ ಗೊತ್ತಾಗಲ್ಲ."