ಎಡವೆಂದರೆ ಬಲವಾದ ದಿನಗಳು

ಧನಕವಡಿಯ ಒಂದು ಖಾಲಿ ಮೈದಾನದಲ್ಲಿ ಶರಣ್ಯಾ ಹೆಂಗಸರಿಗೆ ಸ್ಕೂಟರ್ ಕಲಿಸುತ್ತಿದ್ದಳು. ಉಡುಪಿ ಕಡೆಯವಳು, ಈಗ ಈ ಮರಾಠಿ ನಗರದವಳು. ಗಂಡ ಸುಖೇಶನ ಹೋಟೆಲು ಕಾತ್ರಜದ ಹತ್ತಿರವೇ ಇದ್ದರೂ ಗಲ್ಲಾದ ಹಿಂದೆ ಕೂರುವುದು ಅವಳಿಗೆ ಒಗ್ಗಲಿಲ್ಲ. ಅವಳ ಗಟ್ಟಿ ದನಿ ಕೇಳಿದರೆ ಐವತ್ತು ದಾಟಿದವರಿಗೂ ಧೈರ್ಯ ಬರುತ್ತಿತ್ತು.

ಅವಳಿಗೆ ಕ್ರೋನ್ಸ್ ಕಾಯಿಲೆಯಿತ್ತು. ಕರುಳು ಊದಿಕೊಂಡು ಹುಣ್ಣಾಗುವ, ಒಮ್ಮೆ ಬಂದರೆ ಪೂರ್ತಿ ಬಿಟ್ಟುಹೋಗದ ಕಾಯಿಲೆ. ಮದುವೆಗೆ ಮೊದಲೇ ಮಂಗಳೂರಿನಲ್ಲಿ ಸಣ್ಣ ಕರುಳಿನ ಕೊನೆಯ ಭಾಗವನ್ನು ಕತ್ತರಿಸಿ ತೆಗೆದಿದ್ದರು. ಸ್ವಾರಗೇಟಿನಿಂದ ಕಾತ್ರಜದವರೆಗೆ ಎಲ್ಲೆಲ್ಲಿ ಶೌಚಾಲಯವಿದೆ, ಯಾವುದರ ಚಿಲಕ ಸರಿಯಿಲ್ಲ ಎಂಬುದು ಅವಳಿಗೆ ಬಾಯಿಪಾಠ. ಹೊಟ್ಟೆಯೊಂದಿಗೆ ಹೇಗೋ ಹೊಂದಿಕೊಂಡಿದ್ದಳು.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಬೇರೇನೋ ಶುರುವಾಯಿತು. ದಿನಾ ಆಡುವ ಮಾತುಗಳೇ ನೆನಪಿಗೆ ಬಾರದೆ, ಹೆಲ್ಮೆಟ್ಟಿಗೆ "ಅದು, ಆ ಟೋಪಿ" ಎಂದಳು. ಅಂಗಾಲಿಗೆ ಹತ್ತಿಯ ಮೇಲೆ ನಡೆದ ಹಾಗೆ ಅನಿಸುತ್ತಿತ್ತು. ಮುಖ ತೊಳೆಯುವಾಗ ಕಣ್ಣು ಮುಚ್ಚಿದರೆ ಗೋಡೆ ಹಿಡಿಯಬೇಕಾಗುತ್ತಿತ್ತು. ಹತ್ತಿರದ ಡಾಕ್ಟರು "ಟೆನ್ಶನ್ ಘೇಊ ನಕಾ", ಟೆನ್ಶನ್ ಮಾಡಿಕೊಳ್ಳಬೇಡಿ, ಎಂದು ನಿದ್ದೆಯ ಮಾತ್ರೆ ಬರೆದುಕೊಟ್ಟರು.

ಆಗ ಅವಳ ಹತ್ತಿರ ಕಲಿಯುತ್ತಿದ್ದವರಲ್ಲಿ ಸಕ್ಕುಬಾಯಿ ಒಬ್ಬಳು. ಕಲಬುರಗಿ ಕಡೆಯವಳು, ಕೊಂಢವಾದಲ್ಲಿ ಕಟ್ಟಡದ ಕೆಲಸಕ್ಕೆ ಹೆಂಗಸರ ಗುಂಪು ಕರೆದೊಯ್ಯುವವಳು. ಒಂದು ಬೆಳಿಗ್ಗೆ ಅವಳು ಗಾಡಿ ಓಡಿಸುತ್ತಲೇ ಕೂಗಿದಳು: "ಈಗ ಯಾಕಡೆ ಹೊಳ್ಳಿಸಲಿ, ಮೇಡಂ?"

"ಬಲಕ್ಕೆ! ಬಲಕ್ಕೆ!"

ಶರಣ್ಯಾಳ ಕೈ ತೋರಿಸುತ್ತಿದ್ದದ್ದು ಎಡಕ್ಕೆ. ಸಕ್ಕುಬಾಯಿ ಮಾತನ್ನೇ ನಂಬಿ ಗಾಡಿಯ ಸಮೇತ ಮುಳ್ಳುಬೇಲಿಗೆ ನುಗ್ಗಿದಳು. ಶರಣ್ಯಾ ಓಡಿಬಂದಳು. ಕಾಲು ಎಲ್ಲಿ ಊರುತ್ತಿದೆ ಎಂದು ಗೊತ್ತಾಗದೆ ಅವಳೂ ಪಕ್ಕದಲ್ಲೇ ಬಿದ್ದಳು.

ಸಕ್ಕುಬಾಯಿ ಸೀರೆಯ ಮುಳ್ಳು ಬಿಡಿಸಿಕೊಳ್ಳುತ್ತಾ ನೋಡಿದಳು. "ನಾ ಗಾಡಿ ಮ್ಯಾಲಿಂದ ಬಿದ್ದೆ. ನೀವು ಯಾತರ ಮ್ಯಾಲಿಂದ ಬಿದ್ರಿ?"

ಇಬ್ಬರೂ ನಕ್ಕರು. ನಗು ನಿಂತ ಮೇಲೆ ಶರಣ್ಯಾ ಹೇಳಿದಳು: "ಇವತ್ತಿಗೆ ಕ್ಲಾಸ್ ಬಂದ್, ಸಕ್ಕುಬಾಯಿ. ನನ್ನ ತಲೆಗೂ ಕಾಲಿಗೂ ಎಂತದೋ ಆಗಿದೆ. ಅದು ಗೊತ್ತಾಗುವವರೆಗೆ ನಾನು ಯಾರನ್ನೂ ಗಾಡಿ ಮೇಲೆ ಕೂರಿಸುವುದಿಲ್ಲ."

"ಆಮ್ಯಾಲ?"

"ಆಮೇಲೆ ನಿಮಗೆ ಲೈಸನ್ಸ್ ಕೊಡಿಸುವುದು ನಾನೇ."

ಮನೆಯಲ್ಲಿ ಸುಖೇಶ್ ಗಾಬರಿಯಾದ. "ಗಾಡಿ ಸಾಕು ಮಾರಾಯ್ತಿ. ಗಲ್ಲಾದಲ್ಲಿ ಕೂತುಕೋ."

"ಎಡ ಬಲ ಗೊತ್ತಾಗದವಳನ್ನು ಗಲ್ಲಾದಲ್ಲಿ ಕೂರಿಸ್ತೀರಾ? ನನಗಿರುವುದು ಟೆನ್ಶನ್ ಅಲ್ಲ. ನರದ ಡಾಕ್ಟರ ಹತ್ತಿರ ಹೋಗುವ."

ನರರೋಗ ತಜ್ಞೆ ಡಾಕ್ಟರ್ ಭಾಮಾ ಹೊಟ್ಟೆಯ ಕತೆಯಿಂದ ಹಿಡಿದು ಎಲ್ಲವನ್ನೂ ಕೇಳಿಸಿಕೊಂಡರು. ಪಾದ ಜೋಡಿಸಿ, ಕಣ್ಣು ಮುಚ್ಚಿ ನಿಲ್ಲಿಸಿದರು. ಶರಣ್ಯಾ ಮರದಂತೆ ವಾಲಿದಾಗ ಅವರೇ ಹಿಡಿದುಕೊಂಡರು. ಕಂಪಿಸುವ ಲೋಹದ ಕಡ್ಡಿಯನ್ನು ಕಾಲ್ಬೆರಳಿಗೆ ಇಟ್ಟರೆ ಅವಳಿಗೆ ತಣ್ಣಗೆ ಮಾತ್ರ ಅನಿಸಿತು, ಕಂಪನ ತಿಳಿಯಲಿಲ್ಲ. ರಕ್ತಪರೀಕ್ಷೆಯಲ್ಲಿ ಬಿ-12 ತಳ ಮುಟ್ಟಿತ್ತು.

"ಈ ವಿಟಮಿನ್ ದೇಹಕ್ಕೆ ಸೇರುವುದು ಸಣ್ಣ ಕರುಳಿನ ಕೊನೆಯ ಭಾಗದಲ್ಲಿ," ಭಾಮಾ ಮರಾಠಿಯಲ್ಲಿ ಬಿಡಿಸಿ ಹೇಳಿದರು. "ನಿಮಗೆ ಆ ಭಾಗವೇ ಇಲ್ಲ. ಹಳೆಯ ದಾಸ್ತಾನು ಕೆಲವು ವರ್ಷ ಸಾಕಾಯಿತು. ಈಗ ಮುಗಿದಿದೆ. ಅದಿಲ್ಲದೆ ಮೆದುಳು ಮಂಕಾಗುತ್ತದೆ, ಕಾಲು ಎಲ್ಲಿದೆ ಎಂಬ ಸುದ್ದಿ ಬೆನ್ನುಹುರಿಯನ್ನು ದಾಟಿ ತಲೆಗೆ ಮುಟ್ಟುವುದಿಲ್ಲ."

ಶರಣ್ಯಾಗೆ ಅಳು ಬಂತು. ಭಯಕ್ಕಲ್ಲ, ತಾನು ಹೇಳಿದ್ದು ಸುಳ್ಳಲ್ಲ ಎಂದು ಗೊತ್ತಾದದ್ದಕ್ಕೆ.

"ಮೊದಲಿನಂತಾಗುತ್ತೇನಾ?"

"ತಲೆ ಬೇಗ ತಿಳಿಯಾಗಬಹುದು, ಕಾಲು ನಿಧಾನ. ಪೂರ್ತಿ ವಾಸಿ ಎಂದು ಮಾತು ಕೊಡಲಾರೆ. ಇಂಜೆಕ್ಷನ್ ಮಾತ್ರ ಜೀವನಪೂರ್ತಿ."

"ಕೊಡಿ," ಎಂದು ತೋಳು ಚಾಚಿದಳು.

ಮೊದಲು ಮರಳಿದ್ದು ಮಾತು. ಒಂದು ದಿನ ಬಾಡಿದ ಕೊತ್ತಂಬರಿ ಕೊಟ್ಟ ತರಕಾರಿಯವನನ್ನು ಅವಳು ಮರಾಠಿಯಲ್ಲಿ ಎಲ್ಲೂ ತಡವರಿಸದೆ ಜಾಡಿಸಿದಾಗ ಸುಖೇಶ್ ಬಾಗಿಲಲ್ಲಿ ನಿಂತು ನಗುತ್ತಿದ್ದ. ಬೆಳಿಗ್ಗೆ ಹೋಟೆಲು ತೆರೆಯುವ ಮುಂಚೆ ಅವಳು ಟೈಲ್ಸಿನ ಗೆರೆಯ ಮೇಲೆ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯುತ್ತಿದ್ದಳು. ವಾಲಿದರೆ ಮೇಜು ಹಿಡಿದು ಮತ್ತೆ ಮೊದಲಿನಿಂದ. ಚಳಿಗಾಲ ಕಳೆಯುವಷ್ಟರಲ್ಲಿ ಮೇಜಿನ ಅಗತ್ಯವೇ ಇಲ್ಲದಾಯಿತು. ಎಡಗಾಲ ಬೆರಳುಗಳ ಜೋಮು ಮಾತ್ರ ಉಳಿಯಿತು.

ಭಾಮಾ ಒಪ್ಪಿದ ಮೇಲೆ ಅವಳು ಖಾಲಿ ಮೈದಾನದಲ್ಲಿ ಒಬ್ಬಳೇ ಗಾಡಿ ಹತ್ತಿದಳು. ನಿಲ್ಲಿಸುವಾಗ ಎಡಗಾಲು ನೆಲ ಮುಟ್ಟಿತೋ ಇಲ್ಲವೋ ತಿಳಿಯದೆ ಮುಗ್ಗರಿಸಿದಳು. ಮುಂದಿನ ಸಲ ಬಲಗಾಲು ಊರಿದಳು. ಅಷ್ಟೇ ಬದಲಾವಣೆ ಬೇಕಾಗಿದ್ದದ್ದು.

ಮತ್ತೆ ಕ್ಲಾಸ್ ಶುರುವಾದ ದಿನ ಎಲ್ಲರೆದುರು ಕಾಯಿಲೆಯ ಹೆಸರು ಹೇಳಿ, "ನನಗೆ ಸುಸ್ತಾದ ದಿನ ಪಾಠ ಇರುವುದಿಲ್ಲ. ಇದ್ದ ದಿನ ನನ್ನ ಮಾತು ನಂಬಬಹುದು," ಎಂದಳು. ಒಬ್ಬಳು ಬಿಟ್ಟುಹೋದಳು. ಉಳಿದವರು ಉಳಿದರು.

ಸಕ್ಕುಬಾಯಿ ಲೈಸನ್ಸ್ ಪರೀಕ್ಷೆಯ ದಿನ ಎಂಟರ ಆಕಾರದ ದಾರಿಯನ್ನು ಕಾಲೂರದೆ ಸುತ್ತಿಬಂದು ಗಾಡಿಯಿಂದಿಳಿದಳು. "ಪಾಸ್ ಆದ್ನಿ ನೋಡ್ರಿ! ನಾಳೆಯಿಂದ ನಮ್ಮ ಗುಂಪಿನ ಅನುಸೂಯಾನ್ನೂ ಕರಕೊಂಡ್ ಬರ್ತೀನಿ. ಭಾಳ ಅಂಜ್ತಾಳ ಆಕಿ."

"ಕರಕೊಂಡು ಬನ್ನಿ," ಎಂದಳು ಶರಣ್ಯಾ. "ಆದರೆ ನಾಳೆ ಬೇಡ, ನಾಡಿದ್ದು. ನಾಳೆ ನನಗೆ ಇಂಜೆಕ್ಷನ್ ಉಂಟು."